ಮೀಟರ್ 7.9 ತೋರಿಸಿತು, ನಾನು ನಂಬಿದೆ

ನಮ್ಮ ಗಿಟಾರ್ ಅಂಗಡಿಯ ಜಾಬ್ ಕಾರ್ಡಿನಲ್ಲಿ 'ಪಿಕಪ್ ಚೇಂಜ್'ಗೆ 45 ನಿಮಿಷ ಅಂತ ಪ್ರಿಂಟ್ ಆಗಿದೆ. ಪಿಕಪ್ ಅಂದರೆ ತಂತಿಯ ಅಲುಗಾಟವನ್ನು ಹಿಡಿದು ಆಂಪ್‌ಗೆ ಕಳಿಸುವ ಮ್ಯಾಗ್ನೆಟ್ ಮತ್ತು ಕಾಯ್ಲ್. ಆ ಲೆಕ್ಕ ಹಾಕಿದವರು ಸೋಲ್ಡರಿಂಗ್ ಐರನ್ ಹಿಡಿದವರಲ್ಲ. ನಮಗೆ ಕೊಟ್ಟಿರುವುದು 25 ವ್ಯಾಟ್ ಐರನ್. ಪಾಟ್‌ನ (ವಾಲ್ಯೂಮ್ ನಾಬ್ ಕೆಳಗಿನ ಕಂಟ್ರೋಲ್) ಬೆನ್ನಿಗೆ ಅಂಟಿದ ಗ್ರೌಂಡ್ ವೈರ್ ಬಿಡಿಸಲು ಅದನ್ನು ಒತ್ತಿ ಹಿಡಿದರೆ, ಬಿಸಿಯನ್ನೆಲ್ಲ ಪಾಟ್‌ನ ತಗಡೇ ಎಳೆದುಕೊಳ್ಳುತ್ತದೆ. ಸೋಲ್ಡರ್ ಕರಗುವುದೇ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ 60 ವ್ಯಾಟ್‌ದು ಒಂದು ತರಿಸಿ ಅಂತ ಓನರ್‌ಗೆ ಹೇಳಿದ್ದೇನೆ. 'ನೋಡೋಣ' ಅಂದಿದ್ದಾರೆ. ನೋಡುತ್ತಲೇ ಇದ್ದಾರೆ.

ನವೆಂಬರ್ ಅಂದರೆ ರಾಜ್ಯೋತ್ಸವ, ಊರೂರಲ್ಲಿ ಆರ್ಕೆಸ್ಟ್ರಾ, ನಮ್ಮ ಬೆಂಚ್ ತುಂಬ ಗಿಟಾರ್. ಅಂಥ ಒಂದು ಮಧ್ಯಾಹ್ನ ಹಿರಿಯ ಗಿಟಾರಿಸ್ಟ್ ಒಬ್ಬರು ಬಂದರು. ಸಂಜೆ ಮಂಡ್ಯದ ಕಡೆ ಪ್ರೋಗ್ರಾಂ. ಟೆಂಪೋ ಟ್ರಾವೆಲರ್ ಆಗಲೇ ಹೊರಗೆ ನಿಂತಿತ್ತು. ಅದರೊಳಗೆ ಕೀಬೋರ್ಡ್, ಪ್ಯಾಡ್, ಹಾಡುವ ಇಬ್ಬರು ಹುಡುಗಿಯರು.

'ಬ್ರಿಜ್ ಪಿಕಪ್‌ನಲ್ಲಿ ಸೌಂಡೇ ಇಲ್ಲಪ್ಪ. ಲೀಡ್ ಬಂದಾಗ ಸ್ವಿಚ್ ಹಿಂದಕ್ಕೆ ಹಾಕಿದ್ರೆ ಕೀಬೋರ್ಡ್ ಕೆಳಗೆ ಮುಳುಗಿ ಹೋಗ್ತೀನಿ' ಅಂದರು. ಬ್ರಿಜ್ ಅಂದರೆ ಗಿಟಾರ್ ಮೈ ಮೇಲೆ ತಂತಿಗಳ ಹಿಂದಿನ ತುದಿ ಕೂರುವ ಜಾಗ.

ನಾನು ಗಿಟಾರ್ ಮುಟ್ಟುವ ಮೊದಲೇ ಓನರ್ ಬಂದಾಯಿತು. 'ಹಾಟ್ ಹಂಬಕರ್ ಹಾಕಿಸಿಬಿಡಿ ಸಾರ್, ಪೆಂಡಾಲ್ ನಡುಗುತ್ತೆ.' ಹಂಬಕರ್ ಅಂದರೆ ಎರಡು ಕಾಯ್ಲ್‌ನ ಪಿಕಪ್, ಹಾಟ್ ಅಂದರೆ ಸೌಂಡ್ ಜೋರಿನದು. ಶೋಕೇಸಿನಿಂದ ಸೆಮೂರ್ ಡಂಕನ್ ಕಂಪನಿಯ ಜೆಬಿ ಪಿಕಪ್ ಒಂದು ಇಳಿಯಿತು. ಬಿಲ್ ಆಯಿತು. ಪಿಕಪ್ ನನ್ನ ಕೈಗೆ ಬಂತು, ಅದರ ಡಬ್ಬಿ ವಾಪಸ್ ಶೋಕೇಸಿಗೆ ಹೋಯಿತು. ಖಾಲಿ ಡಬ್ಬಿಯಾದರೂ ಗಾಜಿನೊಳಗೆ ಇದ್ದರೆ ಅಂಗಡಿ ತುಂಬಿದ ಹಾಗೆ ಕಾಣುತ್ತದಂತೆ.

ಗಿಟಾರ್ ಒಂದು ಸ್ಟ್ರಾಟ್ ಕಾಪಿ, ಅಂದರೆ ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್‌ನ ನಕಲು. ಬ್ರಿಜ್‌ನಲ್ಲಿ ಹಂಬಕರ್, ಮುಂದೆ ಎರಡು ಸಿಂಗಲ್ ಕಾಯ್ಲ್. ತಂತಿ ಬಿಚ್ಚಿದೆ, ಪಿಕಪ್‌ಗಳು ಕೂತಿರುವ ಪ್ಲಾಸ್ಟಿಕ್ ತಟ್ಟೆ, ಪಿಕ್‌ಗಾರ್ಡ್, ಎತ್ತಿದೆ, ಹಳೆಯದನ್ನು ಬಿಡಿಸಿದೆ. ಹೊಸದಕ್ಕೆ ನಾಲ್ಕು ಬಣ್ಣದ ವೈರ್, ಜೊತೆಗೊಂದು ಬರಿ ವೈರ್. ಬೆಂಚಿನ ಮುಂದಿನ ಗೋಡೆ ಮೇಲೆ ಓನರ್ ಲ್ಯಾಮಿನೇಟ್ ಮಾಡಿಸಿ ಹಾಕಿದ ಡಯಾಗ್ರಾಂ ಇದೆ: ಕೆಂಪು ಹಾಟ್ (ಸೌಂಡ್ ಹೊರಹೋಗುವ ವೈರ್), ಕಪ್ಪು-ಬಿಳಿ ಸೇರಿಸಿ ಸ್ಲೀವ್ ಹಾಕಿ, ಹಸಿರು ಮತ್ತು ಬರಿ ವೈರ್ ಗ್ರೌಂಡ್. ಅದನ್ನು ನೋಡಿ ಹಂಬಕರ್ ಕೂರಿಸಿ ಕೂರಿಸಿ ಕೈಗೆ ಬಾಯಿಪಾಠವಾಗಿತ್ತು. ಕಣ್ಣೆತ್ತಿ ಗೋಡೆಯನ್ನೂ ನೋಡಲಿಲ್ಲ.

ಹೊಸ ತಂತಿ ಹಾಕಿ, ಟ್ಯೂನ್ ಮಾಡಿ, ಆಂಪ್‌ಗೆ ಕೊಟ್ಟರೆ ಗುಂಯ್ ಅಂತ ಶುರುವಾಯಿತು.

ಹಂಬಕರ್ ಹಮ್ ಹೊಡೆಯಬಾರದು. 1955ರಲ್ಲಿ ಗಿಬ್ಸನ್‌ನ ಸೆತ್ ಲವರ್ ಎರಡು ಕಾಯ್ಲ್ ಜೋಡಿಸಿ ಅದನ್ನು ಮಾಡಿದ್ದೇ ಹಮ್ ಕೊಲ್ಲಲು. ಒಂದರಲ್ಲಿ ಹುಟ್ಟುವ ಗುಂಯ್ ಇನ್ನೊಂದರಲ್ಲಿ ಉಲ್ಟಾ ಹುಟ್ಟಿ, ಎರಡೂ ಸೇರಿ ಸೊನ್ನೆ. ಇಲ್ಲಿ ಹಮ್ ಇದೆ, ಜೊತೆಗೆ ಸೌಂಡ್ ತೆಳ್ಳಗೆ. ಪೆಂಡಾಲ್ ಬಿಡಿ, ಶೋಕೇಸ್ ಗಾಜೂ ನಡುಗುವಂತಿರಲಿಲ್ಲ.

ಜಾಕ್‌ಗೆ ಕೇಬಲ್ ಚುಚ್ಚಿ ಮೀಟರ್ ಹಿಡಿದೆ. 7.9 ಕಿಲೋ ಓಮ್. ಸರಿಯಾಗಿಯೇ ಇದೆಯಲ್ಲ! ಸಾಮಾನ್ಯ ಹಂಬಕರ್ ಏಳೂವರೆಯಿಂದ ಒಂಬತ್ತರ ನಡುವೆ ಇರುತ್ತದೆ. ಹಾಗಾದರೆ ಪಿಕಪ್ ಓಕೆ, ನನ್ನ ಸೋಲ್ಡರಿಂಗ್ ಓಕೆ, ತೊಂದರೆ ಹೊರಗಿನದು. ಆ ನಿರ್ಧಾರಕ್ಕೆ ಬರಲು ಎರಡು ಸೆಕೆಂಡ್ ಸಾಕಾಯಿತು, ಅದರಿಂದ ಹೊರಬರಲು ಮುಕ್ಕಾಲು ಗಂಟೆ.

ಮೊದಲು ಟ್ಯೂಬ್‌ಲೈಟ್ ಮೇಲೆ ಅನುಮಾನ. ಆರಿಸಿದೆ, ಹಮ್ ಸ್ವಲ್ಪ ಇಳಿಯಿತು. ನೋಡಿದ್ರಾ, ಅಂದುಕೊಂಡೆ. ಆಮೇಲೆ ಪ್ಲಗ್ ಪಾಯಿಂಟಿನ ಅರ್ಥಿಂಗ್. ತಂತಿ ಮುಟ್ಟಿದರೆ ಹಮ್ ಕಡಿಮೆ, ಅಂದರೆ ಬ್ರಿಜ್ ಗ್ರೌಂಡ್ ಚೆನ್ನಾಗಿದೆ. ಆಮೇಲೆ ತಂತಿ ಸಡಿಲಿಸಿ ಪಿಕ್‌ಗಾರ್ಡ್ ಎತ್ತಿ, ಒಳಗೆಲ್ಲ ತಾಮ್ರದ ಟೇಪ್ ಅಂಟಿಸಲು ಕೂತೆ. ಸಡಿಲಿಸುವ ಅವಸರದಲ್ಲಿ ಹೊಸ ಸಣ್ಣ ತಂತಿ ಕಿತ್ತು ಬಂತು. ಹೊರಗಿನಿಂದ ಹಾರ್ನ್. ಓನರ್ ಕೌಂಟರ್‌ನಿಂದಲೇ 'ಆಯ್ತಾ?' ಅಂತ ಕೇಳುತ್ತಿದ್ದರು, ಪ್ರತಿ ಸಲ ಸ್ವಲ್ಪ ಜೋರಾಗಿ. ಹಿರಿಯರು ಮಾತ್ರ ಸ್ಟೂಲ್ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು.

'ಒಂದು ವಿಷ್ಯ ನೋಡಿದ್ಯಾ? ನಡುವಿನ ಪಿಕಪ್ ಜೊತೆ ಸೇರಿಸಿದ್ರೆ ಹಮ್ ಇಲ್ಲ. ಇದೊಂದೇ ಹಾಕಿದ್ರೆ ಮಾತ್ರ ಬರ್ತದೆ' ಅಂದರು.

ನನಗೂ ಕೇಳಿಸಿತ್ತು. 'ಹಂಗೇ ಇರುತ್ತೆ ಅಣ್ಣ' ಅಂದುಬಿಟ್ಟೆ. ಹಂಗಿರಲ್ಲ! ನಡುವಿನ ಸಿಂಗಲ್ ಕಾಯ್ಲ್ ಜೊತೆ ಸೇರಿ ಹಮ್ ಸಾಯುತ್ತದೆ ಅಂದರೆ ಆ ಕಡೆ ಇರುವುದೂ ಒಂದೇ ಕಾಯ್ಲ್ ಅಂತ ಅರ್ಥ. ಈಗಿನ ಸ್ಟ್ರಾಟ್‌ಗಳಲ್ಲಿ ಸ್ವಿಚ್ ಎರಡು ಸಿಂಗಲ್ ಕಾಯ್ಲ್ ಸೇರಿಸುವ ಎರಡನೇ, ನಾಲ್ಕನೇ ಪೊಸಿಷನ್ ಸಾಮಾನ್ಯವಾಗಿ ಕೆಲಸ ಮಾಡುವುದೇ ಹಾಗೆ. ಟೇಪ್ ಅರ್ಧ ಅಂಟಿಸಿ ಆದಮೇಲೆ ಆ ಮಾತು ತಲೆಯಲ್ಲಿ ತಿರುಗಿತು. ಕೇಬಲ್ ಚುಚ್ಚಿ ಸ್ಕ್ರೂಡ್ರೈವರ್ ತುದಿಯಿಂದ ಪಿಕಪ್ ತಟ್ಟಿದೆ. ಒಂದು ಸಾಲಿನ ಪೋಲ್ (ಕಾಯ್ಲ್ ನಡುವಿನ ಲೋಹದ ತುದಿ) ಮೇಲೆ ಟಕ್, ಟಕ್. ಪಕ್ಕದ ಸಾಲಿನ ಮೇಲೆ ಏನೂ ಇಲ್ಲ. ಒಂದು ಕಾಯ್ಲ್ ಸತ್ತಿತ್ತು. ಕೊಂದವನು ನಾನೇ.

ಶೋಕೇಸಿನಿಂದ ಡಬ್ಬಿ ತರಿಸಿ ಒಳಗಿನ ಚೀಟಿ ಬಿಚ್ಚಿದೆ. ಡಂಕನ್‌ನಲ್ಲಿ ಕಪ್ಪು ಹಾಟ್. ಸೇರಿಸಬೇಕಾದ್ದು ಕೆಂಪು-ಬಿಳಿ. ಹಸಿರು ಮತ್ತು ಬರಿ ವೈರ್ ಗ್ರೌಂಡ್. ಗೋಡೆ ಮೇಲಿದ್ದದ್ದು ಡಿಮಾರ್ಜಿಯೋ ಅನ್ನುವ ಬೇರೆ ಪಿಕಪ್ ಕಂಪನಿಯ ಲೆಕ್ಕ, ಆದರೆ ಕಾಗದದ ಮೇಲೆ ಯಾವ ಕಂಪನಿ ಹೆಸರೂ ಇಲ್ಲ. ಡಂಕನ್‌ನಲ್ಲಿ ಕಪ್ಪು-ಬಿಳಿ ಒಂದೇ ಕಾಯ್ಲ್‌ನ ಎರಡು ತುದಿ. ಅವನ್ನು ಜೋಡಿಸಿ ಆ ಕಾಯ್ಲ್ ಅನ್ನು ನಾನು ಶಾರ್ಟ್ ಮಾಡಿದ್ದೆ.

ಇನ್ನು ಆ 7.9. ಜೆಬಿ 16.4 ಕಿಲೋ ಓಮ್ ಇರುವ ಪಿಕಪ್. ನಾನು ನೋಡಿದ್ದು ಹೆಚ್ಚುಕಡಿಮೆ ಅದರ ಅರ್ಧ. ಬೇರೆ ಯಾವುದೋ ಹಂಬಕರ್‌ನ ಪೂರ್ತಿ ಲೆಕ್ಕಕ್ಕೆ ಅದು ತಾಳೆಯಾಯಿತು ಅಷ್ಟೆ. ನಾಲ್ಕು ತೋರಿಸಿದ್ದರೆ ಆಗಲೇ ಎಚ್ಚರವಾಗುತ್ತಿದ್ದೆ. ವೈರ್ ಬದಲಿಸಿದ ಮೇಲೆ ಮೀಟರ್ ಹದಿನೈದು ದಾಟಿತು. ಪೂರ್ತಿ ಹದಿನಾರು ಬರಲಿಲ್ಲ, ಯಾಕಂದರೆ 250 ಕೆ (ಕಿಲೋ ಓಮ್) ಪಾಟ್ ಪಿಕಪ್‌ಗೆ ಸಮಾಂತರವಾಗಿ ಕೂತು ಲೆಕ್ಕ ಸ್ವಲ್ಪ ಇಳಿಸುತ್ತದೆ. ಹಂಬಕರ್‌ಗೆ 500 ಕೆ ಹಾಕುವುದು ವಾಡಿಕೆ. ಸ್ಟಾಕ್ ಇರಲಿಲ್ಲ. ಅದೂ 'ನೋಡೋಣ' ಪಟ್ಟಿಯಲ್ಲಿದೆ.

ಹಮ್ ಹೋಯಿತು. ಆದರೆ ಹಿರಿಯರು ಗಿಟಾರ್ ಕತ್ತಿನ ಕಡೆಯ, ಮುಂದಿನ ಪಿಕಪ್‌ಗೆ ಬಂದು ದಪ್ಪ ತಂತಿಯಲ್ಲಿ ಮೇಲಿನ ಫ್ರೆಟ್ ಒತ್ತಿದಾಗ ಸ್ವರ ಅಲುಗಾಡಿತು, ಒಂದರ ಬದಲು ಎರಡು ಸ್ವರ ಜಗಳ ಆಡಿದ ಹಾಗೆ. ಬಗ್ಗಿ ನೋಡಿದರೆ ಆ ಪಿಕಪ್ ತಂತಿಗೆ ತಗಲುವಷ್ಟು ಮೇಲಿತ್ತು. ಮೇಲೆತ್ತಿದರೆ ಸೌಂಡ್ ಜಾಸ್ತಿ ಅಂತ ಯಾರೋ ಹೇಳಿದ್ದರಂತೆ. ಜಾಸ್ತಿ ಏನೋ ಹೌದು, ಆದರೆ ಇಂಥ ಹಳೇ ಮಾದರಿಯ ಸಿಂಗಲ್ ಕಾಯ್ಲ್‌ನ ಪೋಲ್‌ಗಳೇ ಅಲ್ನಿಕೊ ಮ್ಯಾಗ್ನೆಟ್. ತೀರಾ ಹತ್ತಿರ ಬಂದರೆ ತಂತಿಯನ್ನೇ ಎಳೆಯುತ್ತವೆ. ಆಗ ಇಂಟೊನೇಷನ್, ಅಂದರೆ ಪ್ರತಿ ಫ್ರೆಟ್‌ನಲ್ಲೂ ಸ್ವರ ಸರಿ ಬರುವಂತೆ ಮಾಡುವ ಹೊಂದಾಣಿಕೆ, ಎಷ್ಟು ತಿರುಗಿಸಿದರೂ ಕೂರುವುದಿಲ್ಲ.

ಕೊನೆಯ ಫ್ರೆಟ್ ಒತ್ತಿ ಹಿಡಿದು, ದಪ್ಪ ತಂತಿಯ ಕಡೆ 2.4 ಮಿಲಿಮೀಟರ್, ಸಣ್ಣ ತಂತಿಯ ಕಡೆ 2 ಮಿಲಿಮೀಟರ್ ಬರುವ ಹಾಗೆ ಇಳಿಸಿದೆ. ಫೆಂಡರ್‌ನವರು ಹಳೇ ಮಾದರಿಯ ಪಿಕಪ್‌ಗೆ ಹೇಳುವ ಅಳತೆ ಅದು. ಎರಡು ಸ್ಕ್ರೂ, ಒಂದು ಸ್ಕೇಲ್. ಸ್ವರ ನೆಟ್ಟಗಾಯಿತು.

ಆಗ ಹೊಳೆದದ್ದು ಇವತ್ತಿಗೂ ಚುಚ್ಚುತ್ತದೆ. ಬ್ರಿಜ್ ಹತ್ತಿರ ತಂತಿ ಅಲುಗುವುದೇ ಕಡಿಮೆ, ಹಾಗಾಗಿ ಅಲ್ಲಿನ ಪಿಕಪ್ ತಂತಿಗೆ ಹತ್ತಿರ ಇರಬೇಕು, ಮುಂದಿನದು ದೂರ. ಇವರ ಗಿಟಾರ್‌ನಲ್ಲಿ ಸರಿಯಾಗಿ ಉಲ್ಟಾ ಇತ್ತು. 'ಬ್ರಿಜ್‌ನಲ್ಲಿ ಸೌಂಡೇ ಇಲ್ಲ' ಅನ್ನುವುದಕ್ಕೆ ಬಹುಶಃ ಸ್ಕ್ರೂಡ್ರೈವರ್ ಒಂದೇ ಸಾಕಿತ್ತು. ಅಷ್ಟು ಹೊತ್ತಿಗೆ ಹಳೇ ಪಿಕಪ್ ಕವರ್‌ನಲ್ಲಿ, ಬಿಲ್ ಅವರ ಜೇಬಿನಲ್ಲಿ. ಅವರು ಖುಷಿಯಾಗಿ ನುಡಿಸುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ಲೇಬರ್ ಚಾರ್ಜ್ 45 ನಿಮಿಷದ್ದೇ ಬಿತ್ತು. ಕಿತ್ತ ತಂತಿ ನನ್ನ ಲೆಕ್ಕಕ್ಕೆ. ಈಗ ಹೊಸ ಪಿಕಪ್ ಬಂದರೆ ಮೊದಲು ಡಬ್ಬಿಯ ಚೀಟಿ ನನ್ನ ಡ್ರಾಯರ್‌ಗೆ ಹೋಗುತ್ತದೆ, ಕೂರಿಸುವ ಮೊದಲೇ ವೈರ್‌ಗೆ ಮೀಟರ್ ಹಿಡಿಯುತ್ತೇನೆ. ಕಂಪ್ಲೇಂಟ್ ಸೌಂಡಿನದಾದರೆ ಹೈಟ್ ನೋಡದೆ ಐರನ್ ಆನ್ ಮಾಡುವುದಿಲ್ಲ. ಲ್ಯಾಮಿನೇಟ್ ಮೇಲೆ ಮಾರ್ಕರ್‌ನಲ್ಲಿ 'ಇದು ಡಿಮಾರ್ಜಿಯೋಗೆ ಮಾತ್ರ' ಅಂತ ದಪ್ಪಗೆ ಬರೆದೆ. ಮಾರನೇ ದಿನ ಓನರ್ ಅದನ್ನು ನೋಡಿ, ದುಡ್ಡು ಕೊಟ್ಟು ಲ್ಯಾಮಿನೇಟ್ ಮಾಡಿಸಿದ್ದನ್ನು ಗಲೀಜು ಮಾಡಿದ್ದು ಯಾರು ಅಂತ ಕೇಳಿದರು.