ಮುಂದಿನ ಡಿಫರೆನ್ಷಿಯಲ್‌ಗೆ ವೆಲ್ಡಿಂಗಾ?

ಮಳೆಗಾಲ ಹತ್ರ ಬಂತು ಅಂದ್ರೆ ಸಕಲೇಶಪುರದ ಕಡೆ ಜೀಪಿನ ಹುಚ್ಚಿರೋರ ಬಾಯಲ್ಲಿ ಇದೇ ಮಾತು. ಡಿಫರೆನ್ಷಿಯಲ್ ಅಂದ್ರೆ ತಿರುವಲ್ಲಿ ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್ ಜೋಡಣೆ. ಅದರೊಳಗಿನ ಸ್ಪೈಡರ್ ಗೇರನ್ನೂ ಸೈಡ್ ಗೇರನ್ನೂ ಸೇರಿಸಿ ವೆಲ್ಡ್ ಹೊಡೆದ್ರೆ, ಒಂದು ಚಕ್ರ ಗಾಳಿಯಲ್ಲಿದ್ರೂ ಇನ್ನೊಂದು ಎಳೆಯುತ್ತೆ. ಡಿಫರೆನ್ಷಿಯಲ್ ಲಾಕ್ ಮಾಡೋಕೆ ಅಂತಲೇ ಸಿಗೋ ಲಾಕರ್ ಅನ್ನೋ ಸಾಧನದ ಮುಂದೆ ಇದರ ಖರ್ಚು ಏನೇನೂ ಅಲ್ಲ. ಆದ್ರೆ ಫೋರ್ ವೀಲ್ ಹಾಕಿ ಸ್ಟೇರಿಂಗ್ ತಿರುಗಿಸಿ ನೋಡಿ, ತೋಳು ಬಿದ್ದುಹೋಗುತ್ತೆ! ತಿರುವಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡ್ಬೇಕು, ಒಳಗಿಂದು ಬಿಟ್ಟುಕೊಡಲ್ಲ. ಕೆಸರಾದ್ರೆ ಜಾರಿಕೊಂಡು ಸುಧಾರಿಸುತ್ತೆ, ಗಟ್ಟಿ ನೆಲದಲ್ಲಿ ಆ್ಯಕ್ಸಲ್ ಜಾಯಿಂಟೇ ಬಲಿ. ಹಾಗಾಗಿ ಡಾಂಬರಿಗೆ ಬಂದ ಕೂಡ್ಲೇ ಇಳಿದು ಮುಂದಿನ ಚಕ್ರಗಳನ್ನ ಆ್ಯಕ್ಸಲ್‌ಗೆ ಸೇರಿಸೋ ಎರಡೂ ಹಬ್ ಫ್ರೀ ಮಾಡ್ಲೇಬೇಕು.

ನಮ್ಮ ಮೇಸ್ತ್ರಿ ಗ್ರೀಸ್ ಕೈ ಒರೆಸ್ಕೊಳ್ತಾ ಕೇಳಿದ: "ಮಾಡ್ಕೊಡ್ತೀನಿ ಸಾರ್. ಮನೇಲಿ ಬೇರೆಯೋರು ಓಡಿಸ್ದಾಗ ಹಬ್ ನೆನಪಿರುತ್ತಾ?" ಸದ್ಯಕ್ಕೆ ದುಡ್ಡು ಮಡ್ ಟೈರಿಗೆ.