ನಿಂತ್ಕೊಂಡ್ರೆ ಸಾಕಲ್ವಾ ಸರ್?

ಫುಟ್ಬಾಲ್‌ನಲ್ಲಿ ಒಂದು ಟೀಮ್‌ನಲ್ಲಿ ಏಳು ಜನ ಉಳಿದಿದ್ರೂ ಮ್ಯಾಚ್ ನಡೆಯತ್ತೆ, ಆರಕ್ಕಿಳಿದ್ರೆ ಮುಗೀತು, ರೆಫರಿ ನಿಲ್ಲಿಸ್ಲೇಬೇಕು. ಹನ್ನೊಂದು ಜನ ಆಡೋ ಆಟ ಅಂತ ಅಷ್ಟೇ ಗೊತ್ತಿದ್ದ ನಂಗೆ ಈ ರೂಲು ಶನಿವಾರ ಗೋವಾದ ಮಡಗಾಂವ್ ಕಡೆ ಒಂದು ಗ್ರೌಂಡಲ್ಲಿ ಗೊತ್ತಾಯ್ತು. ಮಗಳ ಕಾಲೇಜಿನ ಹುಡುಗೀರ ಟೀಮಿಂದು ಈ ಸೀಸನ್ನಿನ ಕೊನೇ ಮ್ಯಾಚ್. ಇಳಿದಿದ್ದೇ ಎಂಟು ಜನ. ಒಬ್ಬಳಿಗೆ ಜ್ವರ, ಇನ್ನೊಬ್ಬಳ ಅಕ್ಕನ ನಿಶ್ಚಿತಾರ್ಥ. ಫಸ್ಟ್ ಹಾಫಲ್ಲೇ ಒಬ್ಬಳಿಗೆ ತಲೆಗೆ ತಲೆ ಡಿಕ್ಕಿ ಆಗಿ ಹೊರಗೆ ಕೂರಿಸಿದ್ರು, ಬದಲಿಗೆ ಇಳಿಯೋಕೆ ಬೆಂಚಲ್ಲಿ ಯಾರೂ ಇಲ್ಲ, ಬೆಂಚಲ್ಲಿದ್ದಿದ್ದು ನೀರಿನ ಬಾಟಲ್‌ಗಳು ಮಾತ್ರ. ಉಳಿದಿದ್ದು ಏಳು. ಸ್ಕೋರು ಐದು-ಸೊನ್ನೆ, ನಾವು ಸೊನ್ನೆ.

ಆಮೇಲೆ ಸೆಕೆಂಡ್ ಹಾಫಲ್ಲಿ ನಮ್ಮ ಟೀಮಿನ, ವಾಸ್ಕೋದ ಬೈನಾ ಏರಿಯಾದ ಹುಡುಗಿ ಪಾದ ತಿರುಚಿ ಬಿದ್ಲು.

ಆ ಹುಡುಗಿ ನಮ್ಮ ಕರ್ನಾಟಕದ ಕಡೆಯವಳೇ, ಅವರಪ್ಪ ಬಾಗಲಕೋಟೆ ಕಡೆಯಿಂದ ಬಂದು ಗೌಂಡಿ ಕೆಲಸ ಮಾಡ್ತಾರೆ, ಅವಳು ಹುಟ್ಟಿ ಬೆಳೆದಿದ್ದೆಲ್ಲಾ ವಾಸ್ಕೋದಲ್ಲೇ. ಬಿದ್ದೋಳು ಏಳ್ಲಿಲ್ಲ. ಪಿಇ ಸರ್ ಲೈನ್ ಹತ್ರದಿಂದಲೇ ಕೈ ಆಡಿಸಿ ಸಾಕು ಸಾಕು ಅಂತಿದ್ರು. ರೆಫರಿ ಅವಳ ಹತ್ರ ಹೋಗಿ ಬಗ್ಗಿ ಕೊಂಕಣಿಲಿ ಆಡೋಕಾಗತ್ತಾ ಅಂತ ಕೇಳಿದ್ರು. ಅವಳು ಕಾಲು ಹಿಡ್ಕೊಂಡೇ ಮುಖ ಎತ್ತಿ, "ಓಡೋಕಾಗಲ್ಲ ಸರ್. ನಿಂತ್ಕೊಂಡ್ರೆ ಸಾಕಲ್ವಾ?" ಅಂದ್ಳಂತೆ. ನಂಗೆ ಮೆಟ್ಟಿಲ ಮೇಲಿಂದ ಕೇಳಿಸ್ಲಿಲ್ಲ, ಮಗಳು ಪಕ್ಕದಲ್ಲೇ ಇದ್ಳು, ಮನೆಗೆ ಬರ್ತಾ ಕದಂಬ ಬಸ್ಸಲ್ಲಿ ಹೇಳಿದ್ಳು. ನಾನು ಮತ್ತೆ ಮತ್ತೆ ಕೇಳಿದೆ, ಹೆಂಗ್ ಅಂದ್ಳು, ಅಳ್ತಾ ಅಂದ್ಳಾ, ಸುಮ್ನೆ ಅಂದ್ಳಾ ಅಂತ. ಮಗಳು, ಇಲ್ಲಮ್ಮ, ಅಂಗಡೀಲಿ ಚಿಲ್ಲರೆ ಇದ್ಯಾ ಅಂತ ಕೇಳೋ ಥರ ಕೇಳಿದ್ಳು ಅಂದ್ಳು.

ಅಲ್ಲೊಂದು ತೊಡಕಿತ್ತು. ಗ್ರೌಂಡ್ ಒಳಗೆ ಟ್ರೀಟ್ಮೆಂಟ್ ತಗೊಂಡ ಆಟಗಾರ್ತಿ ಹೊರಗೆ ಹೋಗ್ಬೇಕು, ಆಟ ಶುರುವಾದ ಮೇಲೆ ರೆಫರಿ ಕರೆದ್ರೇ ಒಳಗೆ ಬರೋದು. ಅವಳು ಹೊರಗೆ ಕಾಲಿಟ್ರೆ ನಾವು ಆರಾಗ್ತೀವಿ. ಆದ್ರೆ ಗೋಲ್‌ಕೀಪರ್‌ಗೆ ಪೆಟ್ಟಾದ್ರೆ ಹೊರಗೆ ಹೋಗ್ಬೇಕಿಲ್ಲ, ಅಲ್ಲೇ ಇರ್ಬೋದು. ಇದು ನಮ್ಮ ಕ್ಯಾಪ್ಟನ್‌ಗೆ ಗೊತ್ತಿತ್ತು, ಕೀಪರ್ ಅವಳೇ. ರೆಫರಿಗೆ ಹೇಳಿ, ಯಾರೂ ಕಾಲು ಮುಟ್ಟೋ ಮುಂಚೆನೇ ತನ್ನ ಗ್ಲೌಸ್ ಬಿಚ್ಚಿ, ಕೀಪರ್ ಅಂತ ಜೆರ್ಸಿ ಮೇಲೆ ಹಾಕ್ಕೊಂಡಿದ್ದ ಕಿತ್ತಳೆ ಬಿಬ್ ಬಿಚ್ಚಿ ಆ ಹುಡುಗಿಗೆ ಹಾಕಿ, ಇಬ್ಬರು ಹೆಗಲು ಕೊಟ್ಟು ನಡೆಸಿಕೊಂಡು ಹೋಗಿ ಗೋಲ್ ಮಧ್ಯ ನಿಲ್ಲಿಸಿದ್ರು. ಸ್ಪ್ರೇ ಹೊಡೆದಿದ್ದೂ ಅಲ್ಲೇ. ಕ್ಯಾಪ್ಟನ್ ತಾನು ಮುಂದೆ ಓಡೋಕೆ ಬಂದ್ಳು. ಹತ್ತೊಂಬತ್ತು ವರ್ಷದ ಹುಡುಗಿಗೆ ಅಂಥಾ ಹೊತ್ತಲ್ಲಿ ರೂಲ್ ಬುಕ್ ನೆನಪಾಗೋದು ಅಂದ್ರೆ! ನಂಗೆ ಆ ಹುಡುಗಿ ಮೇಲೆ ಬಹಳ ಗೌರವ ಬಂತು.

ಗೋಲ್ ಅಗಲ 7.32 ಮೀಟರ್, ಎತ್ತರ 2.44. ಇವಳು ಐದಡಿ ಇದ್ರೆ ಹೆಚ್ಚು, ಅದೂ ಒಂದೇ ಕಾಲ ಮೇಲೆ ಭಾರ ಹಾಕಿ ಕಂಬ ಹಿಡ್ಕೊಂಡು ನಿಂತಿದಾಳೆ. ನನ್ನ ಪಕ್ಕ ಕೂತಿದ್ದ ಇನ್ನೊಂದು ಹುಡುಗಿಯ ಅಪ್ಪ, ಪಾಪ ಒಳ್ಳೆಯವರೇ, ಆದ್ರೂ "ಯಾಕಿಷ್ಟು ಹಟ, ಹೆಂಗಿದ್ರೂ ಸೋತಾಗಿದೆ, ಬಿಟ್ಬಿಡಬಾರ್ದಾ" ಅಂತ ಎರಡು ಮೂರು ಸಲ ಅಂದ್ರು. ಅವರ ಮೇಲೆ ನಂಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇವರೇ ಮಗಳು ಪ್ರಾಕ್ಟೀಸ್‌ಗೆ ಹೋದ್ರೆ ಕಪ್ಪಾಗ್ತಾಳೆ ಅಂತ ತಿಂಗಳಾನುಗಟ್ಟಲೆ ಕಳಿಸಿರ್ಲಿಲ್ಲ.

ಇಡೀ ಸೀಸನ್ ಹಿಂಗೇ. ಹುಡುಗರ ಟೀಮ್ ಟ್ರಯಲ್ಸ್‌ಗೆ ಅರ್ಧ ಕಾಲೇಜೇ ಬಂದಿತ್ತು, ಗೋವಾ ಅಲ್ವಾ, ಇಲ್ಲಿ ಫುಟ್ಬಾಲ್ ರಾಜ್ಯದ ಆಟ, ಮಳೆ ನಿಂತ ಗದ್ದೇಲೂ ಆಡ್ತಾರೆ. ಹುಡುಗೀರ ಟೀಮ್‌ಗೆ ಮಾತ್ರ ಹೆಸರು ಕೊಟ್ಟೋರೆಲ್ಲ ಬರ್ಲಿಲ್ಲ, ಬಂದೋರು ಉಳೀಲಿಲ್ಲ. ಟ್ಯೂಷನ್, ಮನೆ ಕೆಲಸ, ಸಂಜೆ ಕತ್ತಲಾಗತ್ತೆ. ಜೆರ್ಸಿ ಹುಡುಗರು ಹಾಕಿ ಬಿಟ್ಟಿದ್ದು, ತೋಳು ಮೊಣಕೈ ದಾಟ್ತಿತ್ತು. ಒಂದು ಮ್ಯಾಚ್ ಒಂದು-ಒಂದು ಡ್ರಾ ಆಯ್ತು, ಅವತ್ತು ಇವ್ರು ಕುಣಿದ ಕುಣಿತ ನೋಡ್ಬೇಕಿತ್ತು. ಇನ್ನೊಂದು ದಿನ ಎದುರು ಟೀಮೇ ಬರ್ಲಿಲ್ಲ, ಅವರ ಹತ್ರನೂ ಏಳು ಜನ ಸೇರ್ಲಿಲ್ವಂತೆ, ವಾಕೋವರ್ ಕೊಟ್ರು, ಗೆದ್ದಂಗೆ ಲೆಕ್ಕ. ಮಗಳು ಮನೆಗೆ ಬಂದು ಊಟ ಮಾಡ್ಲಿಲ್ಲ.

ನಮ್ಮನೇಲಿ ಈ ಹುಚ್ಚು ಶುರುವಾಗಿದ್ದು 2022ರ ಅಕ್ಟೋಬರಲ್ಲಿ. ಅಂಡರ್-17 ಹುಡುಗೀರ ವರ್ಲ್ಡ್ ಕಪ್ ಸೆಮಿಫೈನಲ್ ಎರಡೂ ಇಲ್ಲೇ ಮಡಗಾಂವಿನ ಫತೋರ್ಡಾ ಸ್ಟೇಡಿಯಮ್ಮಲ್ಲಿ ಇತ್ತು, ನೈಜೀರಿಯಾ-ಕೊಲಂಬಿಯಾ ಮ್ಯಾಚ್ ಪೆನಾಲ್ಟಿ ತನಕ ಹೋಯ್ತು, ಇವಳು ಗಂಟಲು ಹರಿಯೋ ಹಂಗೆ ಕೂಗಿದ್ಳು. ಅದೇ ಟೂರ್ನಿಲಿ ನಮ್ಮ ಇಂಡಿಯಾ ಹುಡುಗೀರು ಭುವನೇಶ್ವರದಲ್ಲಿ ಅಮೆರಿಕ ಎದುರು ಎಂಟು-ಸೊನ್ನೆ ಸೋತ್ರು, ಆಮೇಲೆ ಮೊರಾಕೋಗೆ ಮೂರು, ಬ್ರೆಜಿಲ್‌ಗೆ ಐದು. ಎಷ್ಟು ಜನ ನಕ್ರು ಆಗ. ಆದ್ರೆ ಮೂರೂ ಮ್ಯಾಚ್ ಪೂರ್ತಿ ಆಡಿದ್ರು. 2025ರ ಜುಲೈಲಿ ನಮ್ಮ ಸೀನಿಯರ್ ಹುಡುಗೀರು ಥಾಯ್ಲೆಂಡ್‌ಗೇ ಹೋಗಿ ಅವರನ್ನೇ 2-1ರಲ್ಲಿ ಸೋಲಿಸಿ, ಏಷ್ಯನ್ ಕಪ್‌ಗೆ ಮೊದಲ ಸಲ ಕ್ವಾಲಿಫೈಯರ್ ಗೆದ್ದು ಹೋದ್ರಲ್ಲ, ಆ ರಾತ್ರಿ ನಮ್ಮನೇಲಿ ಹಬ್ಬ.

ಶನಿವಾರ ನಮ್ಮದೂ ಎಂಟು-ಸೊನ್ನೆನೇ ಆಯ್ತು. ಕೊನೇ ಮೂರು ಗೋಲು ಆ ಹುಡುಗಿ ಎದುರಿಗೆ. ಒಂದು ಶಾಟ್ ಅವಳ ಹೆಗಲಿಗೆ ಬಡಿದು ವಾಪಸ್ ಹೋಯ್ತು, ಆಗ ಗ್ರೌಂಡಲ್ಲಿದ್ದ ಅಷ್ಟೂ ಜನ, ಎದುರು ಕಾಲೇಜಿನವರೂ ಸೇರಿ, ಕೂಗಿದ್ರು. ಎದುರು ಟೀಮಿನ ಒಬ್ಬಳು ಮಾತ್ರ ಚೆಂಡು ಸಿಕ್ಕಿದ್ರೂ ಇವಳನ್ನ ನೋಡಿ ಹೊಡೀದೆ ಹಿಂದಕ್ಕೆ ಪಾಸ್ ಕೊಟ್ಳು. ಎಷ್ಟು ಒಳ್ಳೆ ಮನಸ್ಸು ಅಂತ ನಾನು ಬಸ್ಸಲ್ಲಿ ಅಂದಾಗ ಮಗಳು ರೇಗಿದ್ಳು, "ಒಳ್ಳೆ ಮನಸ್ಸೇನಮ್ಮ, ನಮ್ಮನ್ನ ಪಾಪ ಅಂದ್ಕೊಂಡ್ಳು. ಉಳಿದೋರು ಗೋಲ್ ಹೊಡೆದ್ರಲ್ಲ, ಅವ್ರು ನಮ್ ಜೊತೆ ಆಡಿದ್ರು" ಅಂತ. ನಾನು ಸುಮ್ಮನಾದೆ, ಅವಳು ಹೇಳಿದ್ದು ಸರಿಯಾಗೇ ಇತ್ತು.

ನಂಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಗದಗಿನ ಹೈಸ್ಕೂಲಲ್ಲಿ ನಾನು ಖೋ ಖೋ ಆಡ್ತಿದ್ದೆ. ತಾಲೂಕು ಗೆದ್ದು ಜಿಲ್ಲಾ ಮಟ್ಟಕ್ಕೆ ಹೋಗ್ಬೇಕಿತ್ತು, ಹಿಂದಿನ ದಿನ ಅಪ್ಪ ಬೇಡ ಅಂದ್ರು. ಬೈಲಿಲ್ಲ, ಹೊಡೀಲಿಲ್ಲ, ಪ್ರೀತಿಯಿಂದಲೇ ಅಂದ್ರು, ಅಲ್ಲಿ ದೊಡ್ಡ ದೊಡ್ಡ ಶಾಲೆಯವ್ರು ಬರ್ತಾರ, ಸೋತು ಅಳಕೋಂತ ಬರ್ತಿ ಯಾಕ ಅಂತ. ಇವತ್ತಿಗೂ ನಾನು ಜಿಲ್ಲಾ ಮಟ್ಟದಲ್ಲಿ ಸೋತೆ ಅಂತ ಹೇಳ್ಕೊಳೋಕಾಗಲ್ಲ, ಸೋಲೋಕೆ ಅಲ್ಲಿಗೆ ಹೋಗ್ಲೇ ಇಲ್ವಲ್ಲ. ಹುಡುಗೀರನ್ನ ಆಟದಿಂದ ಎಬ್ಬಿಸೋರು ಯಾವತ್ತೂ ಕೆಟ್ಟವರ ಥರ ಬರಲ್ಲ, ಕಾಳಜಿ ಮಾಡೋರ ಥರಾನೇ ಬರ್ತಾರೆ. ಮಗಳು ಹೇಳಿದ್ಳು, 1921ರಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್ ಹೆಂಗಸರ ಮ್ಯಾಚ್‌ಗೆ ತಮ್ಮ ಕ್ಲಬ್‌ಗಳ ಗ್ರೌಂಡ್ ಕೊಡ್ಬಾರ್ದು ಅಂತ ಮಾಡ್ತಂತೆ, ಈ ಆಟ ಹೆಂಗಸರಿಗೆ ಸರಿಹೋಗಲ್ಲ ಅಂತ. ಅದರ ಹಿಂದಿನ ವರ್ಷವಷ್ಟೇ ಲಿವರ್‌ಪೂಲಲ್ಲಿ ಹೆಂಗಸರ ಒಂದು ಮ್ಯಾಚ್‌ಗೆ ಐವತ್ತು ಸಾವಿರಕ್ಕಿಂತ ಹೆಚ್ಚು ಜನ ಬಂದಿದ್ರು. ಆ ನಿಷೇಧ ತೆಗೆಯೋಕೆ ಐವತ್ತು ವರ್ಷ ಹಿಡೀತು.

ಆ ಹುಡುಗಿ ಮಾತ್ರ ಆಟದಿಂದ ಎಬ್ಬಿಸೋಕೆ ಬಂದೋರಿಗೆ ಎಷ್ಟು ಚಿಕ್ಕ ಪ್ರಶ್ನೆ ಕೇಳಿದ್ಳು. ಗೆಲ್ತೀವಿ ಅನ್ಲಿಲ್ಲ, ನೋವಿಲ್ಲ ಅಂತ ಸುಳ್ಳೂ ಹೇಳ್ಲಿಲ್ಲ. ನಿಂತ್ಕೊಂಡ್ರೆ ಸಾಕಲ್ವಾ. ರೆಫರಿ ಕೂಡ ದೊಡ್ಡ ಮನುಷ್ಯ, ಒಂದು ಕ್ಷಣ ನೋಡಿ, ಸಾಕು ಅಂದ್ರಂತೆ.

ಎಕ್ಸ್‌ರೇ ತೆಗೆಸಿದ್ರು, ಮೂಳೆಗೇನೂ ಆಗಿಲ್ಲ, ಉಳುಕು. ನಿನ್ನೆ ಬೈನಾಕ್ಕೆ ಹೋಗಿದ್ದೆ. ಅವರವ್ವ ಚಹಾ ಕೊಟ್ಟು, "ಕಾಲು ಹಿಂಗ ಬಾತದ, ಇನ್ನೂ ಆಟ ಆಟ ಅಂತಾಳ್ರಿ. ನೀವರ ನಾಕ್ ಮಾತು ಹೇಳ್ರಿ ಅಕ್ಕಾರ" ಅಂದ್ರು. ಅವರ ಸಂಕಟ ನಂಗೆ ಗೊತ್ತು, ಗಂಡ ಬಿಸಿಲಲ್ಲಿ ದುಡೀತಾನೆ, ಮಗಳ ಕಾಲು ಮುರಿದ್ರೆ ಆಸ್ಪತ್ರೆ ಖರ್ಚು ಯಾರು ಕೊಡ್ತಾರೆ. ಅದಕ್ಕೆ ಉಪದೇಶ ಮಾಡ್ಲಿಲ್ಲ. ಶನಿವಾರ ಏನಾಯ್ತು ಅಂತ ಮೊದಲಿಂದ ಕೊನೇವರೆಗೂ ಹೇಳಿದೆ, ಗ್ಲೌಸ್ ಹಾಕಿದ್ದು, ಕಂಬ ಹಿಡಿದಿದ್ದು, ಹೆಗಲಿಗೆ ಬಡಿದಿದ್ದು, ಎಲ್ಲಾ. ಆ ಹುಡುಗಿ ಮನೇಲಿ ಏನೂ ಹೇಳಿರ್ಲಿಲ್ಲ. ಅವರು ಕೇಳ್ತಾ ಕೇಳ್ತಾ ಸೆರಗು ಬಾಯಿಗಿಟ್ಕೊಂಡ್ರು, ಆಮೇಲೆ "ನೋಡೋಣ್ರಿ, ಪರೀಕ್ಷಾ ಮುಗೀಲಿ" ಅಂದ್ರು. ಒಪ್ಪಿಗೆ ಅಲ್ಲ ಅದು, ಬೇಡ ಅಂತಾನೂ ಅಲ್ಲ.

ಹುಡುಗಿ ಸೀನಿಯರ್ ಒಬ್ಬಳ ಬೂಟು ಹಾಕ್ಕೊಂಡು ಆಡ್ತಿದ್ಳಂತೆ, ಒಂದು ಸೈಜ್ ದೊಡ್ಡದು, ಪಾದ ತಿರುಚಿದ್ದಕ್ಕೆ ಅದೂ ಒಂದು ಕಾರಣ ಇರ್ಬೋದು ಅಂತ ಪಿಇ ಸರ್ ಅಂದ್ರು. ನಾವು ನಾಲ್ಕೈದು ಅಮ್ಮಂದಿರು ಸೇರಿ ದುಡ್ಡು ಹಾಕ್ತಿದೀವಿ, ಅವಳಿಗೊಂದು ಜೊತೆ ಬೂಟು, ಟೀಮ್‌ಗೆ ಹುಡುಗೀರ ಅಳತೆಯ ಜೆರ್ಸಿ. ಜೂನಲ್ಲಿ ಕಾಲೇಜ್ ಶುರುವಾಗೋ ಮುಂಚೆ ನಾನು ಬೈನಾಕ್ಕೂ ಝುವಾರಿನಗರಕ್ಕೂ ಹೋಗಿ ನಮ್ಮ ಕನ್ನಡದವರ ಮನೆಗಳಲ್ಲಿ ಕೇಳೋಳಿದೀನಿ, ನಿಮ್ಮ ಹುಡುಗೀನ ಕಳಿಸ್ತೀರಾ ಅಂತ. ಕತ್ತಲಾದ್ರೆ ಮನೆ ತನಕ ಬಿಡೋ ಜವಾಬ್ದಾರಿ ನಂದು.