ಗ್ರಹಣದ ಬೆಳಗ್ಗೆ ನಡೆದ ಕರ್ತೃವಿಚಾರ

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ನಡುಗೆರೆ ನಮ್ಮ ಕಾಸರಗೋಡು ಜಿಲ್ಲೆಯ ಚೆರ್ವತ್ತೂರಿನ ಮೇಲೆ ಹಾದುಹೋಗಿತ್ತು. ಕುಂಬಳೆಯ ಸಮೀಪದ ನಮ್ಮ ಮನೆಯೂ ಆ ಪಥದೊಳಗೇ ಇದ್ದುದರಿಂದ ಬೇರೆಲ್ಲಿಗೂ ಹೋಗುವ ಅಗತ್ಯ ಬೀಳಲಿಲ್ಲ. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ನಾನು ಗ್ರಹಣದ ಕನ್ನಡಕಗಳನ್ನು ಮೊದಲೇ ತರಿಸಿಟ್ಟಿದ್ದೆ. ಬೆಂಗಳೂರಿನಿಂದ ರಜೆಗೆ ಬಂದಿದ್ದ ಅಕ್ಕನ ಮಗ ನನ್ನ ಜೊತೆ ಅಂಗಳದಲ್ಲಿದ್ದ. ಸ್ಪರ್ಶಕಾಲದ ಸ್ನಾನ ಮುಗಿಸಿದ ದೊಡ್ಡಪ್ಪ ಜಗಲಿಯಲ್ಲಿ ಜಪಕ್ಕೆ ಕುಳಿತಿದ್ದರು.

ಒಂಬತ್ತೂವರೆಯ ಒಳಗೆ ಬಳೆ ಪೂರ್ಣವಾಗಿ ಕೂಡಿಕೊಂಡಿತು. ಆ ಎರಡು ಮೂರು ನಿಮಿಷಗಳಲ್ಲೇ ಅಳಿಯ ಕೇಳಿದ: "ಮಾವ, ಸೂರ್ಯನ ವ್ಯಾಸ ಚಂದ್ರನ ವ್ಯಾಸಕ್ಕಿಂತ ಸುಮಾರು 400 ಪಟ್ಟು ಹೆಚ್ಚು. ಭೂಮಿಯಿಂದ ಇರುವ ದೂರವೂ ಹತ್ತಿರ ಹತ್ತಿರ 400 ಪಟ್ಟೇ. ಯಾರೂ ಅಳೆದು ಇಡದೆ ಇದು ಹೀಗೆ ಹೊಂದಿಕೊಳ್ಳಲು ಸಾಧ್ಯವೇ?" ನಾನು ಆಕಾಶದತ್ತಲೇ ಕೈತೋರಿಸಿದೆ. ಅಂದು ಚಂದ್ರ ದೂರದಲ್ಲಿದ್ದುದರಿಂದ ಅವನ ಬಿಂಬ ಸೂರ್ಯಬಿಂಬದ ಸುಮಾರು 97 ಶೇಕಡಾದಷ್ಟೇ ಇತ್ತು. ಹೊಂದಿಕೆ ಪೂರ್ತಿಯಾಗದ್ದರಿಂದಲೇ ನಮಗೆ ಬಳೆ ಕಾಣಿಸಿದ್ದು. ಅಷ್ಟೇ ಅಲ್ಲ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್‌ನಂತೆ ದೂರ ಸರಿಯುತ್ತಿರುವುದರಿಂದ ಕೋಟ್ಯಂತರ ವರ್ಷಗಳ ಬಳಿಕ ಭೂಮಿಯ ಯಾವ ಮೂಲೆಯಲ್ಲೂ ಖಗ್ರಾಸ ಗ್ರಹಣ ಆಗದಂಥ ಕಾಲ ಬರಲಿದೆ. ಇವತ್ತಿನ ಲೆಕ್ಕವೊಂದನ್ನೇ ನೋಡಿ ಅದನ್ನು ಸೃಷ್ಟಿಕರ್ತನ ಸಹಿಯೆಂದು ತಿಳಿಯುವುದು ನನಗೆ ಸಮ್ಮತವಲ್ಲ.

ಅವನು ಅಷ್ಟಕ್ಕೆ ಬಿಡುವವನಲ್ಲ. ಗ್ರಹಣವನ್ನು ಬಿಟ್ಟು ವಿಶ್ವದ ಮೂಲಕ್ಕೇ ಹೋದ. ಆರಂಭವಿರುವ ಪ್ರತಿಯೊಂದಕ್ಕೂ ಕಾರಣವಿರಲೇಬೇಕು. 1380 ಕೋಟಿ ವರ್ಷಗಳ ಹಿಂದೆ ವಿಶ್ವ ಆರಂಭವಾಯಿತೆಂದು ವಿಜ್ಞಾನವೇ ಹೇಳುತ್ತದೆ. ಆದುದರಿಂದ ಸೃಷ್ಟಿಕರ್ತನಿದ್ದಾನೆ ಎಂಬುದು ಅವನ ವಾದ. ಇದೇ ಸರಣಿಯನ್ನು 11ನೇ ಶತಮಾನದ ಇಸ್ಲಾಮಿಕ್ ಚಿಂತಕ ಅಲ್ ಗಜಾಲಿ ಮಂಡಿಸಿದ್ದಾರೆಂದು ನಮ್ಮ ಶಾಲೆಯ ಅರಬಿ ಅಧ್ಯಾಪಕರು ಒಮ್ಮೆ ನನಗೆ ವಿವರಿಸಿದ್ದರು. ಇದು ಗಂಭೀರವಾದ ವಾದ, ಗೌರವದಿಂದಲೇ ಉತ್ತರಿಸಬೇಕಾದ ವಾದ.

ನಾನು ಹೇಳಿದ್ದು ಇಷ್ಟು. ಎಲ್ಲ ದಿಕ್ಕುಗಳಿಂದಲೂ ನಮ್ಮನ್ನು ತಲುಪುತ್ತಿರುವ 2.7 ಕೆಲ್ವಿನ್ ಉಷ್ಣತೆಯ ಹಿನ್ನೆಲೆ ವಿಕಿರಣವು ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಹೊರಟ ಬೆಳಕು. ಅದಕ್ಕೂ ಹಿಂದಿನ ಸುದ್ದಿಯನ್ನು ಹೀಲಿಯಂ ಹೇಳುತ್ತದೆ. ದ್ರವ್ಯರಾಶಿಯ ಲೆಕ್ಕದಲ್ಲಿ ಸಾಮಾನ್ಯ ವಸ್ತುವಿನ ಕಾಲುಭಾಗದಷ್ಟಿರುವ ಈ ಹೀಲಿಯಂನ ಬಹುಪಾಲು ಮೊದಲ ಕೆಲವು ನಿಮಿಷಗಳಲ್ಲೇ ಬೆಸೆದುಕೊಂಡಿತು. ಇನ್ನೂ ಹಿಂದೆ ಸರಿಯುತ್ತ ಹೋದರೆ ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತವೂ ಕ್ವಾಂಟಂ ಸಿದ್ಧಾಂತವೂ ಒಂದನ್ನೊಂದು ಒಪ್ಪದ ಒಂದು ಘಟ್ಟ ಬರುತ್ತದೆ, ಅಲ್ಲಿಂದಾಚೆಗೆ ಪರೀಕ್ಷೆಗೆ ಒಳಗಾದ ಯಾವ ಸಿದ್ಧಾಂತವೂ ಮನುಷ್ಯನ ಕೈಯಲ್ಲಿಲ್ಲ. ವಿಶ್ವವು ಅತ್ಯಂತ ಬಿಸಿಯಾದ, ಸಾಂದ್ರವಾದ ಸ್ಥಿತಿಯಿಂದ ಹಿಗ್ಗುತ್ತ ಬಂದಿದೆ ಎಂಬುದಕ್ಕೆ ಬಲವಾದ ಆಧಾರವಿದೆ. ಅದು ಶೂನ್ಯದಿಂದ ಹುಟ್ಟಿತು ಎಂಬುದು ಆ ಆಧಾರದೊಳಗೆ ಸೇರಿದ ಮಾತಲ್ಲ.

ಮೋಕ್ಷಕಾಲದ ಸ್ನಾನ ಮುಗಿಸಿ ಬಂದ ದೊಡ್ಡಪ್ಪನನ್ನು ಅಳಿಯ ತನ್ನ ಕಡೆಗೆ ಸೆಳೆದುಕೊಳ್ಳಲು ನೋಡಿದ. "ಅಜ್ಜ, ನೀವಾದರೂ ಮಾವನಿಗೆ ಹೇಳಿ" ಎಂದ. ಪಾಠಶಾಲೆಯಲ್ಲಿ ವೇದಾಂತ ಓದಿದ ದೊಡ್ಡಪ್ಪ ತನ್ನ ಪಕ್ಷಕ್ಕೇ ಬರುತ್ತಾರೆಂದು ಅವನು ನಂಬಿದ್ದ. ಅವರು ಸಾವಕಾಶವಾಗಿ ಹೇಳಿದರು: "ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಒಬ್ಬ ಕರ್ತೃ ಇರಬೇಕೆಂದು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಸಾಧಿಸಿದರು. ಆದರೆ ನಾವು ಕಂಡ ಕುಂಬಾರನಿಗೆ ಶರೀರವಿದೆ, ಅವನಿಗೆ ಮಣ್ಣು ಬೇಕು, ಅವನ ಶಕ್ತಿಗೆ ಮಿತಿಯಿದೆ, ದೊಡ್ಡ ಕೆಲಸವಾದರೆ ಹಲವರು ಸೇರಬೇಕು. ಅನುಮಾನದ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕದ, ದಾರಿಯಲ್ಲೇ ನಡೆದರೆ ನಿನಗೆ ಸಿಗುವವನು ಅಂಥ ಕರ್ತೃವೇ ಹೊರತು ನೀನು ಕೈಮುಗಿಯುವ ದೇವರಲ್ಲ."

ಬೇರೆಲ್ಲ ವಿಷಯಗಳಲ್ಲಿ ಒಬ್ಬರನ್ನೊಬ್ಬರು ಖಂಡಿಸುವ ಶಂಕರ, ರಾಮಾನುಜ, ಮಧ್ವರು ಈ ಒಂದು ಮಾತಿನಲ್ಲಿ ಒಂದಾಗುತ್ತಾರೆ ಎಂದು ಅವರು ವಿವರಿಸಿದಾಗ ನಾನು ನಿಜಕ್ಕೂ ಬೆರಗಾದೆ. ಬ್ರಹ್ಮವನ್ನು ತಿಳಿಸುವುದು ಶಾಸ್ತ್ರ. ಬರಿಯ ತರ್ಕ ಅಲ್ಲಿಗೆ ಮುಟ್ಟದು. ನಮ್ಮ ಊರಿಗೆ ದೂರವಲ್ಲದ ವಿಷ್ಣುಮಂಗಲದ ದೇವಸ್ಥಾನದಲ್ಲಿ, ಕುಂಬಳೆಯ ಜಯಸಿಂಹ ರಾಜನ ಕಾಲದಲ್ಲಿ, ಮಧ್ವಾಚಾರ್ಯರಿಗೂ ಅದ್ವೈತ ವಿದ್ವಾಂಸರಾಗಿದ್ದ ತ್ರಿವಿಕ್ರಮ ಪಂಡಿತರಿಗೂ ಹದಿನೈದು ದಿನ ವಾದ ನಡೆಯಿತೆಂದು ಪರಂಪರೆ ಹೇಳುತ್ತದೆ. ತರ್ಕವನ್ನು ಅಷ್ಟು ದಿನ ಆಡಿಸಬಲ್ಲವರೇ ತರ್ಕದ ಗಡಿಯನ್ನೂ ಗುರುತಿಸಿದ್ದರು ಎಂಬುದು ಈ ಮಣ್ಣಿನವನಾದ ನನಗೆ ಬಹಳ ಮುಖ್ಯವಾಗಿ ಕಂಡಿತು. ಇದಕ್ಕೆ ಇನ್ನೊಂದನ್ನೂ ದೊಡ್ಡಪ್ಪ ಸೇರಿಸಿದರು: ಸೃಷ್ಟಿ ಪ್ರಳಯಗಳ ಸರಣಿ ಅನಾದಿ ಎನ್ನುವ ವೇದಾಂತಕ್ಕೆ ಮೊಟ್ಟಮೊದಲ ಕ್ಷಣವೊಂದು ಬೇಕೇ ಆಗಿಲ್ಲ.

ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ, ಹಾಗಿದ್ದರೆ ಇದು ಹೊಂದುತ್ತದಲ್ಲ ಎಂದು ಅಳಿಯ ಮತ್ತೆ ಆರಂಭಿಸಿದ. ಸಮೀಪ ಬಂದ ಅಂಕಿಯನ್ನಷ್ಟೇ ಆರಿಸಿಕೊಂಡು ಉಳಿದುದನ್ನು ಕೈಬಿಡುವ ಕ್ರಮವನ್ನು ನಾನು ತರಗತಿಯಲ್ಲಿ ಒಪ್ಪುವುದಿಲ್ಲ, ಮನೆಯಲ್ಲಿಯೂ ಒಪ್ಪಲಿಲ್ಲ.

ಆ ಮಧ್ಯಾಹ್ನ ನಾನು ಅವನಿಗೆ ಜಾರ್ಜ್ ಲಮೆತ್ರ್ ಅವರ ವಿಚಾರ ತಿಳಿಸಿದೆ. ವಿಶ್ವವು ಆದಿಯಲ್ಲಿ ಒಂದೇ ಪರಮಾಣುವಿನಂತಿತ್ತು ಎಂಬ ಕಲ್ಪನೆಯನ್ನು 1931ರಲ್ಲಿ ಮಂಡಿಸಿದ ಈ ಬೆಲ್ಜಿಯಂನ ಭೌತವಿಜ್ಞಾನಿ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿಯೂ ಆಗಿದ್ದರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಹೊಸ ವಿಶ್ವವಿಜ್ಞಾನವು ಸೃಷ್ಟಿಯ ನಂಬಿಕೆಗೆ ಸಾಕ್ಷಿ ನುಡಿಯುತ್ತಿದೆ ಎಂಬರ್ಥದಲ್ಲಿ ಮಾತನಾಡಿದಾಗ, ಎಲ್ಲರಿಗಿಂತ ಹೆಚ್ಚು ಸಂತೋಷಪಡಬೇಕಾಗಿದ್ದ ಲಮೆತ್ರ್ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳ ಹೊರಗೇ ನಿಲ್ಲುತ್ತದೆ ಎಂದು 1958ರಲ್ಲಿ ಅವರು ಸ್ಪಷ್ಟಪಡಿಸಿದರು. ನನಗೆ ಅವರ ನಿಲುವಿನ ಕಾರಣ ಅರ್ಥವಾಗುತ್ತದೆ. 1948ರಲ್ಲಿ ಹಾಯ್ಲ್, ಬಾಂಡಿ, ಗೋಲ್ಡ್ ಅವರು ವಿಶ್ವಕ್ಕೆ ಆರಂಭವೇ ಇಲ್ಲವೆನ್ನುವ ಸ್ಥಿರಸ್ಥಿತಿ ಸಿದ್ಧಾಂತವನ್ನು ಮುಂದಿಟ್ಟರು. ಗಡಿಯಾಚೆಯ ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ್ ನಾರ್ಳೀಕರ್ ಅವರೂ ಹಾಯ್ಲ್ ಅವರ ಜೊತೆಗೂಡಿ ಆ ದಿಕ್ಕಿನಲ್ಲಿ ದುಡಿದರು. 1965ರಲ್ಲಿ ಹಿನ್ನೆಲೆ ವಿಕಿರಣದ ಶೋಧ ಪ್ರಕಟವಾದ ಮೇಲೆ ಬಹುತೇಕ ವಿಜ್ಞಾನಿಗಳು ವಿಶ್ವವು ಬಿಸಿಯಾದ, ಸಾಂದ್ರವಾದ ಸ್ಥಿತಿಯಿಂದ ಹಿಗ್ಗಿತೆನ್ನುವ ಮಹಾಸ್ಫೋಟ ಸಿದ್ಧಾಂತದ ಕಡೆಗೆ ತಿರುಗಿದರು. ದೇವರನ್ನು ವಿಶ್ವದ ಆರಂಭಕ್ಕೆ ಕಟ್ಟಿಹಾಕಿದ ಭಕ್ತನು ಇಂಥ ಪ್ರತಿಯೊಂದು ತಿರುವಿನಲ್ಲೂ ತನ್ನ ಪ್ರಾರ್ಥನೆಗೆ ಆಧಾರವಿದೆಯೋ ಇಲ್ಲವೋ ಎಂದು ಮುಂದಿನ ದೂರದರ್ಶಕದ ವರದಿಗಾಗಿ ಕಾಯಬೇಕಾಗುತ್ತದೆ. ಆಸ್ತಿಕನಾದ ನನಗೆ ಅಂಥ ನಂಬಿಕೆ ಬೇಡ.

"ಆರಂಭವನ್ನು ಬಿಡೋಣ ಮಾವ. ಏನೂ ಇಲ್ಲದೆಯೂ ಇರಬಹುದಿತ್ತಲ್ಲ, ಇಷ್ಟೊಂದು ಏಕಿದೆ? ನಿಯಮಗಳಾದರೂ ಏಕಿವೆ?" ಎಂದು ಅಳಿಯ ಕೊನೆಗೆ ಕೇಳಿದ. ಇದೂ ಅನುಮಾನದ ಇನ್ನೊಂದು ರೂಪವೇ ಎಂದು ದೊಡ್ಡಪ್ಪ ತಳ್ಳಿಹಾಕಿದರು. ಅಲ್ಲಿ ನಾನು ಅವರನ್ನು ಪೂರ್ತಿಯಾಗಿ ಒಪ್ಪಲಾರೆ. ಯಾವ ಅಳತೆಯೂ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಆದರೂ ಪ್ರಶ್ನೆ ನಿಜವಾದದ್ದು; ಗ್ರಹಣದ ವೇಳೆಯನ್ನು ಸೆಕೆಂಡಿನಷ್ಟು ನಿಖರವಾಗಿ ಮೊದಲೇ ಹೇಳಲು ಬಿಡುವಷ್ಟು ಕ್ರಮಬದ್ಧವಾಗಿ ಜಗತ್ತು ನಡೆಯುತ್ತಿರುವುದು ನನ್ನ ಭಕ್ತಿಯನ್ನು ಗಟ್ಟಿಗೊಳಿಸಿದೆ. ಅದನ್ನು ಪ್ರಮಾಣವೆಂದು ಮಾತ್ರ ನಾನು ಕರೆಯುವುದಿಲ್ಲ. ಪಠ್ಯದಲ್ಲಿ ಇಲ್ಲದಿದ್ದರೂ ಮಕ್ಕಳು ಈ ವಿಷಯ ಕೇಳುತ್ತಾರೆ. ಆಗ ಹಿನ್ನೆಲೆ ವಿಕಿರಣವನ್ನೂ ಹೀಲಿಯಂನ ಲೆಕ್ಕವನ್ನೂ ವಿವರಿಸುತ್ತೇನೆ; ದೇವರ ಕುರಿತು ಕೇಳಿದವರಿಗೆ ನಾನು ನಂಬುವವನೆಂದೂ ಆ ನಂಬಿಕೆ ಈ ಪಾಠದಿಂದ ಬಂದುದಲ್ಲವೆಂದೂ ಹೇಳುತ್ತೇನೆ.